ತಂಗಿ ಇಳಿಸಿದ ಶ್ರುತಿ

ಟೀವಿಯಲ್ಲಿ ನನ್ನ ತಂಗಿ ಅತ್ತಿದ್ದನ್ನ ನೀವೂ ನೋಡಿರ್ತೀರಿ. ನೋಡದೆ ಎಲ್ಲಿಗೆ ಹೋಗ್ತೀರಿ, ಸೋಪಿನ ಜಾಹೀರಾತಿಗೂ ಪೇಸ್ಟಿನ ಜಾಹೀರಾತಿಗೂ ನಡುವೆ ದಿನಾ ಅದನ್ನೇ ಹಾಕಿದರು. ಕಪ್ಪು ಪರದೆ, ಹಿಂದೆ ಪಿಟೀಲು, ಅವಳ ಮುಖ ಗೋಡೆಯಷ್ಟು ದೊಡ್ಡದಾಗಿ. ಕೆಳಗೆ ದಪ್ಪ ಅಕ್ಷರದಲ್ಲಿ ‘ಹೆಂಡತಿಯ ಗುಟ್ಟು’ ಅಂತ. ನಮ್ಮ ಬೀದಿಗೆ ಹಾಲು ಹಾಕೋಳು ನನ್ನನ್ನ ನಿಲ್ಲಿಸಿ, “ನಿಮ್ಮ ತಂಗಿ ದೇವತೆ ಕಣಕ್ಕ, ನಾನಂತೂ ಅತ್ತುಬಿಟ್ಟೆ” ಅಂದಳು. ದೇವತೆಯಂತೆ! ಆ ದೇವತೆ ಆ ಹೊತ್ತಿಗೆ ಹಿತ್ತಲಲ್ಲಿ ಗಂಡನ ಸಾಕ್ಸು ಒಣಹಾಕ್ತಾ ಇದ್ದಳು.

ನಾನು ಅವಳ ಅಕ್ಕ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯೋಳು. ಅವರ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ನನ್ನ ಹಾಸಿಗೆ, ನನ್ನ ಬಾಯಿ. ಬಾಯಿ ಜೋರು ಅಂತ ಎಲ್ಲರೂ ಅಂತಾರೆ, ಅನ್ನಲಿ. ಟೀವಿಯವರು ಮೂರು ನಿಮಿಷದಲ್ಲಿ ಪಿಟೀಲು ಕುಯ್ದು ಹೇಳಿದ್ದನ್ನ ನಾನು ಪಿಟೀಲಿಲ್ಲದೆ ಹೇಳ್ತೀನಿ.

ತಂಗಿ ಓದು ಬಿಟ್ಟು ಸಂಗೀತ ವಾದ್ಯದ ಅಂಗಡಿಗೆ ಸೇರಿದ್ದು ಧೂಳು ಹೊಡೆಯೋಕೆ. ಗಿರಾಕಿ ಬಂದಾಗ ಕೀಬೋರ್ಡು ಕೆಲಸ ಮಾಡುತ್ತೆ ಅಂತ ತೋರಿಸೋಕೆ ಯಾರಾದರೂ ನುಡಿಸಬೇಕಲ್ಲ. ಯಜಮಾನನ ಬೆರಳೋ ಬಾಳೆಕಾಯಿ, ಒಂದು ಒತ್ತಿದರೆ ಮೂರು ಕೂಗ್ತಿದ್ದವು. ಹಾಗಾಗಿ ಇವಳು ಕಲಿತಳು. ಯಾರೂ ಹೇಳಿಕೊಡಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ರೇಡಿಯೋದಲ್ಲಿ ಬಂದ ಹಾಡನ್ನ ಬೆರಳಲ್ಲಿ ಹುಡುಕ್ತಾ ಕೂರ್ತಿದ್ದಳು. ಬರಬರುತ್ತಾ ಜನ ಕೊಳ್ಳೋಕೆ ಬರೋದು ಬಿಟ್ಟು ಕೇಳೋಕೆ ಬರೋ ಹಾಗಾಯ್ತು, ಯಜಮಾನ ಗೊಣಗಿದ, ಒಂದು ದೊಡ್ಡ ಹೋಟೆಲಿನ ಆರ್ಕೆಸ್ಟ್ರಾದವರು ಅವಳನ್ನ ಕರೆದುಕೊಂಡು ಹೋದರು. ಅಲ್ಲಿ ಸಿಕ್ಕಿದವನೇ ಇವನು.

ನಲವತ್ತು ದಾಟಿದವರಿಗೆ ಅವನ ಪರಿಚಯ ಮಾಡಿಕೊಡಬೇಕಾಗಿಲ್ಲ. ‘ಬಿಳಿಕೋಟು’ ಅಂದರೆ ಸಾಕು. ಕ್ಯಾಸೆಟ್ಟಿನ ಡಬ್ಬಿ ಮೇಲೆ ಬಿಳಿ ಕೋಟು ಹಾಕಿಕೊಂಡು, ಒಂದು ಕೈ ಜೇಬಲ್ಲಿಟ್ಟುಕೊಂಡು ನಿಂತಿದ್ದನಲ್ಲ, ಅವನೇ. ‘ಕಿಟಕಿ ತೆಗಿ’ ಅಂತ ಹಾಡು. ಹಾಡಲ್ಲಿ ಹೇಳಿಕೊಳ್ಳೋವಂಥದ್ದು ಏನೂ ಇರಲಿಲ್ಲ. ಹುಡುಗ ಬೀದಿಯಲ್ಲಿ ನಿಂತಿದ್ದಾನೆ, ಹುಡುಗಿ ಮಹಡಿಯಲ್ಲಿದ್ದಾಳೆ, ಕಿಟಕಿ ತೆಗಿ ಅಂತಾನೆ, ಅವಳು ಹಾಡು ಮುಗಿಯೋವರೆಗೂ ತೆಗೆಯೋದಿಲ್ಲ. ಆದರೆ ಕೊನೆಯಲ್ಲಿ ‘ತೆಗಿ, ತೆಗಿ, ತೆಗಿ’ ಅಂತ ಮೂರು ಸಲ ಬರುತ್ತಲ್ಲ, ಒಂದಕ್ಕಿಂತ ಒಂದು ಮೇಲೆ, ಆ ಮೂರನೇ ‘ತೆಗಿ’ಗೆ ಅವನ ಧ್ವನಿ ಎಲ್ಲಿಗೋ ಹೋಗಿಬಿಡ್ತಿತ್ತು. ನನ್ನಂಥ ಒರಟಿಗೂ ಮೈ ಜುಮ್ ಅಂತಿತ್ತು, ಸುಳ್ಳು ಯಾಕೆ ಹೇಳಲಿ. ಬಸ್ಸಲ್ಲಿ ಅದೇ ಹಾಡು, ಕ್ಷೌರದಂಗಡಿಯಲ್ಲಿ ಅವನದೇ ಫೋಟೊ, ಕಾಲೇಜು ಹುಡುಗರ ತಲೆಯಲ್ಲಿ ಅವನದೇ ಬೈತಲೆ.

ಆ ಭರಾಟೆಯಲ್ಲೇ ಮದುವೆ ಆಯ್ತು. ಎರಡನೇ ಕ್ಯಾಸೆಟ್ಟು ಅಂಗಡಿಯಲ್ಲಿ ಕೊಳೀತು. ಮೂರನೆಯದು ಬರಲೇ ಇಲ್ಲ, ಅಷ್ಟರಲ್ಲಿ ಕ್ಯಾಸೆಟ್ಟು ಕಂಪನಿಯೇ ಬಾಗಿಲು ಹಾಕಿಕೊಂಡಿತ್ತು. ಅವನು ಒಂದು ಶೂ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ವಾರದ ಕೊನೆಗೆ ಹೋಟೆಲಿನಲ್ಲಿ ಇಬ್ಬರೂ ಕಾರ್ಯಕ್ರಮ ಕೊಡ್ತಿದ್ದರು, ಕರೆದರೆ ಕಂಪನಿಗಳ ವಾರ್ಷಿಕೋತ್ಸವಕ್ಕೂ ಹೋಗ್ತಿದ್ದರು. ಅಂಗಡಿಯಲ್ಲಿ ಯಾರದೋ ಕಾಲಿಗೆ ಶೂ ಹಾಕ್ತಾ ಬಗ್ಗಿದ್ದಾಗ ಆ ಕಾಲಿನವರು, “ನೀವು ಬಿಳಿಕೋಟು ಅಲ್ವಾ?” ಅಂತ ಕೇಳಿದರೆ ಅವನಿಗೆ ಅವಮಾನ ಆಗ್ತಿರಲಿಲ್ಲ, ಇನ್ನೂ ಖುಷಿಯೇ ಆಗ್ತಿತ್ತು. “ಹೂಂ, ಶನಿವಾರ ಹೋಟೆಲಿಗೆ ಬನ್ನಿ, ಈಗಲೂ ಹಾಗೇ ಹಾಡ್ತೀನಿ” ಅಂತಿದ್ದ. ನಾನು ಎದುರಿಗೆ ಅವನನ್ನ ಬಹುವಚನದಲ್ಲೇ ಮಾತಾಡಿಸೋದು, ಬೆನ್ನ ಹಿಂದೆ ಏಕವಚನ. ಮೈಗಳ್ಳ ಅಲ್ಲ, ಕುಡುಕ ಅಲ್ಲ, ನನ್ನ ತಂಗಿ ಮೇಲೆ ಕೈ ಎತ್ತಿದವನಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು, ತನ್ನ ಧ್ವನಿ.

ಅದು ಕೈ ಕೊಟ್ಟದ್ದು ಒಂದು ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ. ನಾನೂ ಹೋಗಿದ್ದೆ, ಕೋಟಿನ ಹೊಲಿಗೆ ಬಿಟ್ಟರೆ ಇರಲಿ ಅಂತ ಸೂಜಿ ದಾರ ಹಿಡಿದುಕೊಂಡು. ಮೂರನೇ ‘ತೆಗಿ’ಗೆ ಧ್ವನಿ ಒಡೀತು. ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅದನ್ನೇ ಅಣಕಿಸಿ ಹುಂಜ ಕೂಗಿದ ಹಾಗೆ ಕೂಗಿದ. ಸಭೆಗೆ ಸಭೆಯೇ ನಕ್ಕಿತು. ಅವನೂ ನಕ್ಕ ಹಾಗೆ ಮಾಡಿದ, ಮೈಕು ಕೆಳಗಿಟ್ಟ, ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ.

ಎದ್ದೇಳಲೇ ಇಲ್ಲ. ಮಳೆ ಹೋಯ್ತು, ಚಳಿ ಬಂತು, ಬೇಸಿಗೆ ಬಂತು. ಗಡ್ಡ ಎದೆವರೆಗೆ ಇಳೀತು. ಎಬ್ಬಿಸಿದರೆ ತಿಂತಿದ್ದ, ಇಲ್ಲದಿದ್ದರೆ ಇಲ್ಲ. ಡಾಕ್ಟರು ಬಂದು ಗಂಟಲು ನೋಡಿ, “ರೋಗ ಏನಿಲ್ಲಮ್ಮ, ವಯಸ್ಸು. ಮೇಲಿನ ಸ್ವರ ಇನ್ನು ಬರೋದಿಲ್ಲ” ಅಂತ ತಂಗಿಯ ಹತ್ತಿರ ಮೆಲ್ಲಗೆ ಹೇಳಿ ಹೋದರು. ಅವಳು ಒಬ್ಬಳೇ ಹೋಟೆಲಿಗೆ ಹೋಗಿ ನುಡಿಸಿ ಬರ್ತಿದ್ದಳು. ಒಂದು ದಿನ ಅವನು ಗೋಡೆಗೆ ಹೇಳಿದ ಹಾಗೆ, “ನನ್ನ ಹತ್ರ ಇದ್ದದ್ದು ಅದೊಂದೇ” ಅಂದ. ನಾನು ಮಹಡಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ಬೈಯೋಕೆ ಅಂತ ಇಳಿದು ಬಂದವಳು ಹಾಗೇ ಮೇಲೆ ಹತ್ತಿ ಹೋದೆ.

ಆಮೇಲೆ ಒಂದು ಸಂಜೆ ಕೆಳಗಿಂದ ಹಾಡು ಕೇಳಿಸಿತು. ‘ತೆಗಿ, ತೆಗಿ, ತೆಗಿ.’ ಮೂರೂ ಬಂದವು, ಒಡಕಿಲ್ಲದೆ. ನಾನು ಮಿಷನ್ನು ನಿಲ್ಲಿಸಿ ಕೆಳಗೆ ಓಡಿದೆ. ಅವನು ಗಡ್ಡದ ಸಮೇತ ಹಾಸಿಗೆಯ ಪಕ್ಕ ನಿಂತಿದ್ದ, ಕಣ್ಣಲ್ಲಿ ನೀರು. “ಬಂತು ಅಕ್ಕ, ಬಂತು! ಸುಸ್ತಾಗಿತ್ತು ಅಷ್ಟೆ, ವಿಶ್ರಾಂತಿ ಬೇಕಾಗಿತ್ತು” ಅಂದ. ತಂಗಿ ಕೀಬೋರ್ಡಿನ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಮಾರನೇ ದಿನ ಅವನು ಗಡ್ಡ ಬೋಳಿಸಿದ.

ಏನು ನಡೆದಿತ್ತು ಅಂತ ನನಗೆ ಗೊತ್ತಾಗೋಕೆ ವರ್ಷಗಳು ಬೇಕಾದವು. ಕೀಬೋರ್ಡಿನಲ್ಲಿ ಒಂದು ಗುಂಡಿ ಇರುತ್ತೆ. ಒತ್ತಿದರೆ ಇಡೀ ಶ್ರುತಿ ಅರ್ಧ ಮನೆ ಕೆಳಗೆ ಇಳಿಯುತ್ತೆ. ಶ್ರುತಿಯನ್ನ ಹಾಡೋರು ಮನೆ ಲೆಕ್ಕದಲ್ಲಿ ಹೇಳ್ತಾರೆ, ಒಂದು ಮನೆ, ಅರ್ಧ ಮನೆ ಅಂತ. ಇಳಿದರೂ ನುಡಿಸೋಳ ಬೆರಳು ಮಾತ್ರ ಹಳೇ ಜಾಗದಲ್ಲೇ ಆಡ್ತಿರುತ್ತೆ. ಎದುರಿಗೆ ನಿಂತು ಹಾಡೋನಿಗೆ ಎಲ್ಲ ಹಿಂದಿನ ಹಾಗೇ ಕಾಣುತ್ತೆ. ಇವನಿಗೋ ಸ್ವರ ಗಿರ ಓದೋಕೆ ಬರೋದಿಲ್ಲ, ಕಿವಿಗೆ ಬಿದ್ದದ್ದು ಬಾಯಿಗೆ ಬರೋದು ಅಷ್ಟೆ. ಹೋಟೆಲಿನವರು ಆ ಹೊತ್ತಿಗೆ ಆರ್ಕೆಸ್ಟ್ರಾ ತೆಗೆದುಹಾಕಿದ್ದರು, ತಾಳ ತಂತಿ ಎಲ್ಲ ಅವಳ ಕೀಬೋರ್ಡೇ. ಅವಳು ಕೊಟ್ಟಿದ್ದೇ ಅವನಿಗೆ ಶ್ರುತಿ. ಮೊದಲು ಅರ್ಧ ಮನೆ ಇಳಿಸಿದಳು. ಅವನ ಕುತ್ತಿಗೆ ನರ ಮತ್ತೆ ಉಬ್ಬೋಕೆ ಶುರುವಾದಾಗ ಇನ್ನರ್ಧ. ಹೀಗೆ ವಯಸ್ಸು ಏರಿದ ಹಾಗೆ ಶ್ರುತಿ ಇಳೀತಾ ಬಂತು, ಅವನಿಗೆ ಮಾತ್ರ ಗೊತ್ತಿಲ್ಲ.

ಮನೆಯ ಹಳೇ ಟೇಪ್ ರೆಕಾರ್ಡರೂ ಇವಳಿಗೆ ಜೊತೆ ಕೊಟ್ಟಿತು. ಅದರೊಳಗಿನ ರಬ್ಬರ್ ಬೆಲ್ಟು ಸಡಿಲವಾಗಿ ಕ್ಯಾಸೆಟ್ಟು ನಿಧಾನಕ್ಕೆ ತಿರುಗ್ತಿತ್ತು. ನಿಧಾನಕ್ಕೆ ತಿರುಗಿದರೆ ಧ್ವನಿಯೂ ಕೆಳಗಿಳಿಯುತ್ತಲ್ಲ. ನಾನು, “ರಿಪೇರಿಗಾದರೂ ಕೊಡೇ, ಜ್ವರ ಬಂದವನ ಥರ ಹಾಡ್ತಿದೆ” ಅಂದರೆ, “ಬೇಡ ಬಿಡಕ್ಕ, ನಡೀತಾ ಇದೆಯಲ್ಲ” ಅಂತಿದ್ದಳು. ಅವನು ಆ ಕ್ಯಾಸೆಟ್ಟಿನ ಜೊತೆ ತಾನೂ ಹಾಡಿ, “ನೋಡಿ ಅಕ್ಕ, ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ” ಅಂತಿದ್ದ. ಇರೋದಾದರೂ ಹೇಗೆ?

ಫೋನಲ್ಲಿ ಅದೇ ಹಾಡು ಬರೋಕೆ ಶುರುವಾದಾಗ ಮಾತ್ರ ತಂಗಿಯ ಮುಖ ಬಿಳಿಚಿಕೊಂಡಿತು. ಅಂಗಡಿಯಲ್ಲಿ ಯಾರೋ ಹಾಕಿ ಕೇಳಿಸಿದರಂತೆ. ಇವನು ಮನೆಗೆ ಬಂದವನೇ ಕೂಗಾಡಿದ. “ಕಳ್ಳರು! ಹಾಡಿನ ಹಕ್ಕು ಇರೋರಿಗೆ ಸಿಕ್ಕಿಬೀಳಬಾರದು ಅಂತ ವೇಗ ಹೆಚ್ಚಿಸಿ ಹಾಕಿದಾರೆ. ನನ್ನ ಧ್ವನಿ ಇಲಿ ಥರ ಕೇಳುತ್ತೆ!” ಹಾಗೆ ಮಾಡೋರೂ ಇದ್ದಾರಂತೆ, ಅದಕ್ಕೇ ಅವನ ಮಾತಿಗೆ ಯಾರೂ ಎದುರಾಡಲಿಲ್ಲ. ತಂಗಿ, “ಇರಬಹುದು ರೀ” ಅಂದು ಒಳಗೆ ಹೋದಳು.

ನನಗೆ ಗುಮಾನಿ ಬಂದದ್ದು ಕೀಬೋರ್ಡಿನ ಪುಟ್ಟ ಪರದೆ ಮೇಲೆ ಅಂಟಿಸಿದ್ದ ಕಪ್ಪು ಟೇಪಿನ ಚೂರು ನೋಡಿ. ಧೂಳು ಒರೆಸ್ತಾ ಅದನ್ನ ಕಿತ್ತೆ. ಕೆಳಗೆ ಒಂದು ಅಂಕಿ, ಅದರ ಹಿಂದೆ ಕಳೆಯೋ ಚಿಹ್ನೆ. ತಂಗಿ ಓಡಿ ಬಂದು ಕೈ ಅಡ್ಡ ಹಿಡಿದಳು, ಹಾಲಿನ ಪಾತ್ರೆ ಉಕ್ಕಿದಾಗ ಹಿಡೀತಾರಲ್ಲ ಹಾಗೆ. ಆಮೇಲೆ ಎಲ್ಲ ಬಾಯಿ ಬಿಟ್ಟಳು.

“ನಿನಗೇನು ತಲೆ ಕೆಟ್ಟಿದೆಯೇನೇ? ಹೇಳಿಬಿಡು ಅವರಿಗೆ” ಅಂದೆ.

“ಹೇಳಿದರೆ ಮತ್ತೆ ಗೋಡೆ ಕಡೆ ತಿರುಗ್ತಾರಕ್ಕ.”

“ತಿರುಗಲಿ. ಎಷ್ಟು ದಿನ ತಿರುಗಿರ್ತಾರೆ?”

“ನೀನು ನೋಡಿಲ್ಲ ಅಕ್ಕ. ಪಕ್ಕದಲ್ಲಿ ಮಲಗಿದ್ದೋಳು ನಾನು. ಉಸಿರಾಡ್ತಿದ್ದಾರಾ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ತಿದ್ದೆ.”

ಟೇಪಿನ ಚೂರನ್ನ ನಾನೇ ಮತ್ತೆ ಅಂಟಿಸಿದೆ. ಅವಳ ಗಂಡ, ಅವಳ ಶ್ರುತಿ.

ಹೀಗೇ ಮುದುಕರಾಗಿ ಹೋಗ್ತಿದ್ದರು. ಯಾರಿಗೂ ಏನೂ ಆಗ್ತಿರಲಿಲ್ಲ. ಅಷ್ಟರಲ್ಲಿ ಆ ಟೀವಿಯವರು ಗಂಟು ಬಿದ್ದರು. ‘ಮರಳಿ ಮೈಕಿಗೆ’ ಅಂತ ಕಾರ್ಯಕ್ರಮ. ಒಂದು ಕಾಲಕ್ಕೆ ಹೆಸರು ಮಾಡಿ ಈಗ ಮೂಲೆ ಸೇರಿದ ಹಾಡುಗಾರರನ್ನ ಹುಡುಕಿ ತಂದು ಸ್ಪರ್ಧೆಗೆ ನಿಲ್ಲಿಸೋದು. ಅದರಲ್ಲಿ ಒಬ್ಬಳು ಈಗ ವಿಮೆ ಮಾರ್ತಿದ್ದಳು, ಒಬ್ಬ ಜಿಮ್ಮು ಇಟ್ಟಿದ್ದ, ಇನ್ನೊಬ್ಬನ ಕೂದಲೆಲ್ಲ ಉದುರಿ ಅವನು ಯಾರು ಅಂತ ಅವನ ಫೋಟೊ ಪಕ್ಕ ಹಿಡಿದು ತೋರಿಸಬೇಕಾಗಿತ್ತು. ಅವರ ಜೊತೆ ನಮ್ಮ ಬಿಳಿಕೋಟು.

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶೂ ಅಂಗಡಿಯವರು ಗಾಜಿನ ಬಾಗಿಲಿಗೆ ಅವನ ಫೋಟೊ ಅಂಟಿಸಿದರು. ನಾನು ಕೋಟನ್ನ ಪಕ್ಕಗಳಲ್ಲಿ ಬಿಚ್ಚಿ ಅಗಲ ಮಾಡಿದೆ. “ಇನ್ನು ಬಿಡಿಸೋಕೆ ಬಟ್ಟೆ ಇಲ್ಲ, ಉಸಿರು ಎಳೆದುಕೊಂಡೇ ಹಾಡಬೇಕು ನೀವು” ಅಂದೆ. “ಹೊಟ್ಟೆ ಬಂದರೆ ಬರಲಿ ಅಕ್ಕ, ಗಂಟಲು ಇದೆಯಲ್ಲ” ಅಂತ ನಕ್ಕ. ಹೊಟ್ಟೆ, ಕೂದಲು, ಕನ್ನಡಕ, ಯಾವುದರ ಬಗ್ಗೆಯೂ ಅವನಿಗೆ ಬೇಜಾರಿರಲಿಲ್ಲ.

ತಂಗಿಗೆ ಊಟ ಸೇರಲಿಲ್ಲ. ಕಾರ್ಯಕ್ರಮದ ನಿಯಮ ಅವಳಿಗೆ ಗೊತ್ತಾಗಿತ್ತು. ಮೊದಲ ಸುತ್ತಿಗೆ ಅವರವರ ಹಳೇ ಹಾಡು, ಹಳೇ ಶ್ರುತಿಯಲ್ಲೇ, ಎದುರಿಗೆ ದೊಡ್ಡ ವಾದ್ಯತಂಡ. ಅವನಿಗೆ ತಿಳಿಯದ ಹಾಗೆ ಹೋಗಿ ತಂಡದ ಮಾಸ್ಟರನ್ನ ಕಂಡಳು. ಕನ್ನಡಕ ಹಣೆ ಮೇಲೆ ಏರಿಸಿಕೊಂಡ ಸಾಧು ಮನುಷ್ಯ ಅವರು. ಎಲ್ಲ ಕೇಳಿಸಿಕೊಂಡು, “ಇಳಿಸೋಣಮ್ಮ, ಅದಕ್ಕೇನು. ಎಷ್ಟೋ ಜನ ಕೇಳಿಕೊಂಡಿದಾರೆ, ಚಾನೆಲ್ಲಿನವರನ್ನ ನಾನು ಒಪ್ಪಿಸ್ತೀನಿ. ಆದರೆ ಹಾಡೋರು ತಾವೇ ಬಂದು ಕೇಳಬೇಕು. ಅವರಿಗೆ ಗೊತ್ತಿಲ್ಲದೆ ನಾನು ಮಾಡೋ ಹಾಗಿಲ್ಲ” ಅಂದರಂತೆ. ಅಂದರೆ ಈಗ ಅವಳು ಗಂಡನಿಗೆ ಹೇಳಲೇಬೇಕು. ಹೇಳಿದರೆ ಅವನು ಗೋಡೆಗೆ. ಹೇಳದಿದ್ದರೆ ಊರೆಲ್ಲ ನೋಡ್ತಿರುವಾಗ ಮತ್ತೆ ಹುಂಜ.

“ಇವತ್ತು ಹೇಳ್ತೀನಿ ಅಕ್ಕ” ಅಂತ ಎದ್ದಳು ಒಂದು ಬೆಳಿಗ್ಗೆ. ನಾನು ಅಡುಗೆಮನೆಯಲ್ಲಿ ಟೀ ಸೋಸ್ತಾ ಕಿವಿ ಅಲ್ಲೇ ಇಟ್ಟಿದ್ದೆ. ಅವನು ಅಂಗಿಗೆ ಇಸ್ತ್ರಿ ಹಾಕ್ತಿದ್ದ.

“ರೀ, ಒಂದು ಮಾತು. ಶ್ರುತಿ ಸ್ವಲ್ಪ ಕಮ್ಮಿ ಮಾಡಿಸಿಕೊಳ್ಳಿ. ಎಲ್ಲರೂ ಮಾಡಿಸಿಕೊಳ್ತಾರಂತೆ.”

“ಎಲ್ಲರೂ ಮಾಡಿಸಿಕೊಳ್ಳಲಿ. ನನಗ್ಯಾಕೆ?”

“ವಯಸ್ಸಾಯ್ತಲ್ಲ...”

ಅವನು ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟು ಅವಳ ಕಡೆ ತಿರುಗಿದ. ಸಿಟ್ಟಿಲ್ಲ, ಪ್ರೀತಿಯಿಂದಲೇ ಹೇಳಿದ. “ಕ್ಯಾಸೆಟ್ಟಿನೋರು ಕೈಬಿಟ್ರು, ಜನ ಮರೆತ್ರು, ತಲೆ ಬೋಳಾಯ್ತು. ನನಗೆ ಮೋಸ ಮಾಡದೇ ಇರೋದು ಎರಡೇ ಕಣೇ. ಈ ಗಂಟಲು, ಮತ್ತೆ ನೀನು.”

ತಂಗಿ ಅಡುಗೆಮನೆಗೆ ಬಂದು ನನ್ನ ಕೈಯಿಂದ ಲೋಟ ತಗೊಂಡು ಹೋಗಿ ಅವನಿಗೆ ಟೀ ಕೊಟ್ಟಳು.

ಅಭ್ಯಾಸಕ್ಕೆ ಸ್ಟುಡಿಯೋಕ್ಕೆ ಕರೆದರು. ಒಳಗೆ ಎಷ್ಟು ಚಳಿ ಅಂತೀರಿ, ತರಕಾರಿ ಇಡೋ ಪೆಟ್ಟಿಗೆ ಥರ. ನೆಲದ ತುಂಬ ವೈರು. ಉಳಿದ ಹಳೇ ಸ್ಟಾರುಗಳು ಕುರ್ಚಿಗಳಲ್ಲಿ ಶಾಲು ಹೊದ್ದು ಕೂತಿದ್ದರು. ಅಭ್ಯಾಸವನ್ನೂ ಕ್ಯಾಮೆರಾದಲ್ಲಿ ಹಿಡೀತಿದ್ದರು, ತೆರೆಯ ಹಿಂದಿನ ದೃಶ್ಯ ಅಂತ ಆಮೇಲೆ ತೋರಿಸೋಕೆ. ನಾನೂ ತಂಗಿಯೂ ಪಕ್ಕದಲ್ಲಿ ನಿಂತಿದ್ದೆವು.

ಅವನು ಮೈಕು ಹಿಡಿದ. ಶುರು ಚೆನ್ನಾಗೇ ಇತ್ತು, ಆದರೆ ಮೊದಲ ಸಾಲಿಗೇ ಹುಬ್ಬು ಮೇಲೆ ಹೋಯ್ತು, ಯಾರೋ ಕಾಲರು ಹಿಡಿದು ಎತ್ತಿದ ಹಾಗೆ. ಮೊದಲ ‘ತೆಗಿ’ಗೆ ಕುತ್ತಿಗೆ ನರ ಹಗ್ಗದ ಹಾಗೆ ಉಬ್ಬಿತು. ಎರಡನೆಯದು ಕಿರುಚಿತು. ಮೂರನೆಯದು ಬರಲೇ ಇಲ್ಲ, ಬರೀ ಗಾಳಿ ಬಂತು. ಜಿಮ್ಮಿನವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

“ನಿಲ್ಲಿಸ್ರೀ! ಯಾವ ಶ್ರುತಿಯಲ್ಲಿ ನುಡಿಸ್ತಿದ್ದೀರಿ ನೀವು?”

“ಹಾಡಿನ ಶ್ರುತಿಯಲ್ಲೇ ಸರ್” ಅಂದರು ಮಾಸ್ಟರು.

“ನನ್ನ ಹಾಡು ನನಗೆ ಗೊತ್ತಿಲ್ವಾ? ಎರಡು ಮನೆ ಮೇಲೆ ಹಿಡಿದಿದ್ದೀರಿ!”

ಮಾಸ್ಟರು ಪಾಪ, ಜಗಳದ ಮನುಷ್ಯ ಅಲ್ಲ. ಮೂಲ ಹಾಡನ್ನೇ ಹಾಕಿ ಕೇಳಿಸಿದರು. ದೊಡ್ಡ ಸ್ಪೀಕರಿನಲ್ಲಿ ಹರೆಯದ ಧ್ವನಿಯೊಂದು ಸಲೀಸಾಗಿ ಮೇಲೆ ಹತ್ತಿ ಹೋಯ್ತು.

“ಇದು ಫೋನಿನ ಕಳ್ಳ ಪ್ರತಿ. ವೇಗ ಹೆಚ್ಚಿಸಿದಾರೆ!”

“ಇಲ್ಲ ಸರ್, ಕಂಪನಿಯ ಮೂಲ ಟೇಪಿಂದ ತೆಗೆಸಿದ್ದು.”

“ಹಾಗಾದರೆ ನಿಮ್ಮ ಮಿಷನ್ನೇ ಕೆಟ್ಟಿದೆ.” ಸುತ್ತ ನೋಡಿದ. ಎಲ್ಲರೂ ಬೇರೆ ಕಡೆ ನೋಡ್ತಿದ್ದರು. ನಮ್ಮ ಮೇಲೆ ಕಣ್ಣು ಬಿತ್ತು, ಮುಖ ಅರಳಿತು. ಅಯ್ಯೋ, ಆ ಮುಖ ಅರಳಿದ್ದನ್ನ ನಾನು ಮರೆಯೋಕೆ ಆಗ್ತಿಲ್ಲ. “ನನ್ನ ಹೆಂಡತಿ ಇದ್ದಾಳೆ. ಇಷ್ಟು ವರ್ಷ ನನಗೆ ನುಡಿಸಿದೋಳು. ಅವಳನ್ನ ಕೇಳಿ. ಬಾರೇ ಇಲ್ಲಿ, ಹೇಳು ಇವರಿಗೆ.”

ನಾನು ಅವಳ ಕೈ ಹಿಡಿದಿದ್ದೆ. “ಮಿಷನ್ನು ಕೆಟ್ಟಿದೆ ಅಂದುಬಿಡು. ಜಗಳ ಆಡಿಕೊಂಡು ಮನೆಗೆ ಹೋಗೋಣ” ಅಂತ ಕಿವಿಯಲ್ಲಿ ಹೇಳಿದೆ. ಹಾಗೆ ಅಂದಿದ್ದರೆ ಏನಾಗ್ತಿತ್ತು? ನಾಲ್ಕು ಜನ ನಗ್ತಿದ್ದರು, ಅವನು ಟೀವಿಯವರಿಗೆ ಸಾಯೋವರೆಗೂ ಶಾಪ ಹಾಕ್ಕೊಂಡು ಹಾಡ್ತಾ ಇರ್ತಿದ್ದ. ನನ್ನ ತಂಗಿ ಕೈ ಬಿಡಿಸಿಕೊಂಡು ಹೋದಳು. ಅವಳಿಗೆ ಆ ಮಾಸ್ಟರ ಮುಖ ನೋಡಿ ಸುಳ್ಳು ಹೇಳೋಕೆ ಆಗಲಿಲ್ಲವೋ, ಸುಳ್ಳು ಸಾಕಾಗಿತ್ತೋ, ಇವತ್ತಿಗೂ ಕೇಳಿಲ್ಲ.

“ರೀ, ಅವರು ಸರಿಯಾಗೇ ನುಡಿಸ್ತಿದಾರೆ.”

“ಏನಂದೆ?”

“ಇಳಿಸಿದ್ದು ನಾನು. ಸ್ವಲ್ಪ ಸ್ವಲ್ಪನೇ.”

“ಯಾವಾಗಿಂದ?”

“ನೀವು ಗೋಡೆ ಕಡೆ ಮುಖ ಮಾಡಿ ಮಲಗಿದ್ರಲ್ಲ, ಆವಾಗಿಂದ.”

ಕೂಗಾಡ್ತಾನೆ ಅಂದುಕೊಂಡೆ. ಕೂಗಾಡಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡ, ಅದು ಬಿಗಿಯಾಗಿ ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದ. “ಬೇರೆ ಯಾರಿಗೆ ಗೊತ್ತು?” ಅಂತ ಕೇಳಿದ. ತಂಗಿ ನನ್ನ ಕಡೆ ನೋಡಿದಳು. ಅವನೂ ನೋಡಿದ. ಮೈಕನ್ನ ಮಾಸ್ಟರ ಕೈಗೆ ಕೊಟ್ಟು, “ಕ್ಷಮಿಸಿ ಸರ್, ನಿಮ್ಮ ಮಿಷನ್ನು ಸರಿಯಾಗಿದೆ” ಅಂತ ಹೇಳಿ ಹೊರಗೆ ಹೋದ.

ಆಗ ಕಾರ್ಯಕ್ರಮದ ನಿರ್ದೇಶಕಿ ಓಡಿ ಬಂದಳು. ಚಿಕ್ಕ ವಯಸ್ಸಿನ ಹೆಣ್ಣು, ಕಣ್ಣು ಮಿನುಗ್ತಾ ಇತ್ತು. ತಂಗಿಯ ಎರಡೂ ಕೈ ಹಿಡಿದುಕೊಂಡು, “ಅಮ್ಮಾ, ಎಂಥ ಮಾತು ಹೇಳಿದ್ರಿ! ಇನ್ನೊಂದು ಸಲ ಹೇಳ್ತೀರಾ? ಈ ಕಡೆಯಿಂದ ನಿಮ್ಮ ಮುಖದ ಮೇಲೆ ಬೆಳಕೇ ಬಿದ್ದಿರಲಿಲ್ಲ” ಅಂದಳು.

ಹೇಳಿಸಿಯೇ ಬಿಟ್ಟರು. ನೀವು ಟೀವಿಯಲ್ಲಿ ನೋಡಿದ್ದು ಎರಡನೇ ಸಲದ್ದು. ಮೊದಲನೇ ಸಲ ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಎರಡನೇ ಸಲ ಹೇಳುವಾಗ ಎದುರಿಗೆ ಅವನು ಇರಲಿಲ್ಲ, ಬರೀ ಕ್ಯಾಮೆರಾ ಇತ್ತು, ಅದಕ್ಕೇ ಅತ್ತಳು.

ಅವನು ಅಲ್ಲಿಗೇ ಬಿಟ್ಟು ಬರ್ತಿದ್ದನೇನೋ. ಆದರೆ ಕರಾರಿಗೆ ಸಹಿ ಹಾಕಿದ್ದ, ಬಿಡೋ ಹಾಗಿರಲಿಲ್ಲ. ಟೀವಿಯವರೇ ನಿಯಮ ಸಡಿಲಿಸಿ, ಶ್ರುತಿ ಇಳಿಸಿ, ಕೀಬೋರ್ಡಿಗೆ ನನ್ನ ತಂಗಿಯನ್ನೇ ಕೂರಿಸಿದರು. ಮೊದಲು ಅವಳು ಅತ್ತಿದ್ದನ್ನ ದೊಡ್ಡ ಪರದೆ ಮೇಲೆ ತೋರಿಸಿದರು. ಅವನು ಬಾಯಿ ತೆರೆಯೋಕೆ ಮುಂಚೆಯೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕ್ಯಾಮೆರಾ ಒರೆಸಿಕೊಳ್ಳೋ ಕಣ್ಣುಗಳನ್ನ ಹುಡುಕಿಕೊಂಡು ಓಡಾಡಿತು. ಆಮೇಲೆ ಅವನು ಹಾಡಿದ. ಚೆನ್ನಾಗಿ ಹಾಡಿದ ಕಣ್ರೀ. ಕೆಳಗಿನ ಶ್ರುತಿಯಲ್ಲಿ ಆ ಧ್ವನಿಗೆ ಒಂದು ತೂಕ ಬಂದಿತ್ತು, ಕಿಟಕಿ ಕೆಳಗೆ ನಿಂತು ನಿಂತು ವಯಸ್ಸಾದವನ ಹಾಡಾಗಿತ್ತು ಅದು. ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ತಂಗಿಯ ಬೆರಳು ನೋಡ್ತಿದ್ದರು.

ತೀರ್ಪು ಕೊಡೋಕೆ ಕೂತಿದ್ದಾಕೆ ವೇದಿಕೆಗೆ ಬಂದು ತಂಗಿಯನ್ನ ತಬ್ಬಿಕೊಂಡಳು. ಅವನಿಗೆ, “ನಿಮಗೆ ಬೇರೆ ಬಹುಮಾನ ಯಾಕೆ ಬೇಕು? ನಿಮ್ಮ ಹೆಂಡತಿಯೇ ನಿಮ್ಮ ಬಹುಮಾನ” ಅಂದಳು. ಹಾಗಂದು ಮೊದಲ ಸುತ್ತಿಗೇ ಮನೆಗೆ ಕಳಿಸಿದರು. ಥೂ, ಇವರ ನಾಲಿಗೆಗೆ ಬೆಂಕಿ ಬೀಳ.

ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಲಿಲ್ಲ. ಮಲಗಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸುತ್ತೆ, ಆಗ ಮತ್ತೆ ಏಳಿಸೋ ದಾರಿ ಅವಳಿಗೆ ಗೊತ್ತಿತ್ತು. ಅವನು ಹೊತ್ತಿಗೆ ಸರಿಯಾಗಿ ಏಳ್ತಾನೆ, ಕೆಲಸಕ್ಕೆ ಹೋಗ್ತಾನೆ, ಹೊಟ್ಟೆ ತುಂಬ ಉಣ್ತಾನೆ. ಹಾಡೋದಿಲ್ಲ. ಬಚ್ಚಲಲ್ಲೂ ಇಲ್ಲ. ಕೇಳೋದು ಮಾತ್ರ ಶುರು ಮಾಡಿದ.

“ಹೋಟೆಲಿನವರು ಇಷ್ಟು ವರ್ಷ ನನ್ನನ್ನ ಇಟ್ಟುಕೊಂಡಿದ್ದು ನನ್ನ ಹಾಡಿಗಾ?” ಅಂತ ಒಂದು ದಿನ ಊಟದ ಮಧ್ಯೆ ಕೇಳಿದ.

ತಂಗಿ ತಟ್ಟೆ ನೋಡ್ತಾ, “ಅವರು ಕೀಬೋರ್ಡು ಮಾತ್ರ ಸಾಕು ಅಂದಿದ್ರು. ಬಂದರೆ ಇಬ್ಬರೂ ಬರ್ತೀವಿ ಅಂತ ನಾನು ಹೇಳಿದ್ದೆ” ಅಂದಳು.

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಏನು ಪ್ರಯೋಜನ? ಈಗ ಅವಳು ಸುಳ್ಳು ಹೇಳೋದು ಬಿಟ್ಟುಬಿಟ್ಟಿದ್ದಾಳೆ, ಇದೊಂದು ಹೊಸ ರೋಗ. ಶೂ ಅಂಗಡಿಯ ಕೆಲಸ ಯಾರು ಕೊಡಿಸಿದ್ದು? ಅವಳೇ, ಯಜಮಾನನ ಹೆಂಡತಿಗೆ ಹೇಳಿ. ಆ ಶನಿವಾರಗಳಲ್ಲಿ ‘ಇನ್ನೊಂದು ಸಲ’ ಅಂತ ಕೂಗ್ತಿದ್ದ ಹಿಂದಿನ ಮೇಜಿನವನು? ಅವನು ಹೋಟೆಲಿನ ಅಡುಗೆಯವನು, ಇವಳು ಕೇಳಿಕೊಂಡಿದ್ದಳು. ಗಂಡ ಒಂದೊಂದನ್ನೇ ಕೇಳ್ತಾನೆ, ಅವಳು ಒಂದೊಂದನ್ನೇ ಹೇಳ್ತಾಳೆ, ಕಟ್ಟಿದ ಗೋಡೆಯಿಂದ ಇಟ್ಟಿಗೆ ತೆಗೆದು ಕೊಟ್ಟ ಹಾಗೆ. ಪ್ರತಿ ಸಲವೂ ಅವನು “ಹೂಂ” ಅಂತಾನೆ. ಅಡುಗೆಗೆ ಉಪ್ಪು ಸರಿಯಾಗಿದೆಯಾ ಅಂತ ಅವಳು ಕೇಳಿದರೆ, “ನೀನೇ ಹೇಳು” ಅಂತಾನೆ.

ಹೋದ ಭಾನುವಾರ ಟೇಪ್ ರೆಕಾರ್ಡರನ್ನ ಕಂಕುಳಲ್ಲಿಟ್ಟುಕೊಂಡು ಹೋಗಿ ಹೊಸ ಬೆಲ್ಟು ಹಾಕಿಸಿಕೊಂಡು ಬಂದ. ಮೇಜಿನ ಮೇಲಿಟ್ಟು ಕ್ಯಾಸೆಟ್ಟು ಹಾಕಿದ. ನಾವಿಬ್ಬರೂ ಬಟಾಣಿ ಬಿಡಿಸ್ತಿದ್ದೆವು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಹಾಡು ಸರಿಯಾದ ವೇಗದಲ್ಲಿ ಬಂತು. ಚುರುಕಾಗಿ, ತೆಳ್ಳಗೆ, ಎತ್ತರಕ್ಕೆ. ಮೊದಲ ‘ತೆಗಿ’, ಎರಡನೇ ‘ತೆಗಿ’, ಮೂರನೆಯದು. ನನಗೆ ಮತ್ತೆ ಮೈ ಜುಮ್ ಅಂತು, ಹಾಳಾಗಿ ಹೋಗಲಿ.

ಅವನು ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದ. ಆಮೇಲೆ ತಂಗಿಯ ಕಡೆ ತಿರುಗಿ ಕೇಳಿದ. “ನಿಜ ಹೇಳು. ಇದನ್ನಾದರೂ ಹಾಡಿದ್ದು ನಾನೇನಾ?”

ಅವಳ ಕೈಯಿಂದ ಬಟಾಣಿ ಚೆಲ್ಲಿತು. “ನೀವೇ ರೀ! ಇದೇನು ಹೀಗೆ ಕೇಳ್ತೀರಿ? ನೀವೇ ಹಾಡಿದ್ದು. ನಾನು ಪಕ್ಕದಲ್ಲೇ ಇದ್ದೆ. ಒಂದೇ ಸಲಕ್ಕೆ ಹಾಡಿ ಮುಗಿಸಿದ್ರಿ, ಸ್ಟುಡಿಯೋದವರೆಲ್ಲ ಎದ್ದು ನಿಂತುಬಿಟ್ರು.”

“ನೀನು ಹಾಗೇ ಹೇಳ್ತೀಯ.”

“ನೀವೇ ಕಣ್ರೀ, ದೇವರಾಣೆ” ಅಂದೆ ನಾನು. “ನಾನು ಕಣ್ಣಾರೆ ಕಂಡಿದ್ದೀನಿ, ಎಷ್ಟು ಸಲ.”

“ನೀವು ಅವಳ ಅಕ್ಕ ಅಲ್ವಾ” ಅಂದ, ಮರ್ಯಾದೆಯಿಂದಲೇ.

ತಂಗಿ ಎದ್ದು ಹೋಗಿ ಅವನ ತೋಳು ಹಿಡಿದು ಅಲ್ಲಾಡಿಸಿದಳು. “ನೀವೇ, ನೀವೇ” ಅಂತ ಅಷ್ಟೇ ಹೇಳ್ತಾ ಇದ್ದಳು. ಈ ಸಲ ಕ್ಯಾಮೆರಾ ಇರಲಿಲ್ಲ, ಅವನು ಎದುರಿಗೇ ಇದ್ದ, ಆದರೂ ಅಳ್ತಾ ಇದ್ದಳು. ಅವನು ಅವಳ ಕೈಯನ್ನ ಮೆಲ್ಲಗೆ ಬಿಡಿಸಿದ. ಕ್ಯಾಸೆಟ್ಟು ಹೊರಗೆ ತೆಗೆದು, ಡಬ್ಬಿಯೊಳಗಿಟ್ಟು, ಮೇಲಿದ್ದ ಬಿಳಿ ಕೋಟಿನ ಹುಡುಗನನ್ನ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದ.

“ಚೆನ್ನಾಗಿ ಹಾಡ್ತಾನೆ ಹುಡುಗ” ಅಂದ.